ಕಾರ್ಡು ಕೇರಳದ್ದು, ಆಸ್ಪತ್ರೆ ಮಂಗಳೂರಿನದ್ದು

ಕಾಸರಗೋಡಿನಲ್ಲಿ ಹಾಸಿಗೆ ಹಿಡಿದ ಮಗುವನ್ನು ನೋಡಿಕೊಳ್ಳುವ ಅಪ್ಪ-ಅಮ್ಮನಿಗೆ ಸರಕಾರ ಏನು ಕೊಡುತ್ತದೆ ಎಂದು ಕೇಳಿದ್ದೀರಿ. ಆರೈಕೆ ಮಾಡುವವರ ಹೆಸರಿಗೇ ಬರುವುದು ಕೇರಳದ ‘ಆಶ್ವಾಸಕಿರಣಂ’, ತಿಂಗಳಿಗೆ 600 ರೂಪಾಯಿ. ಅರ್ಜಿ ಅಂಗನವಾಡಿ ಮೂಲಕ ಐಸಿಡಿಎಸ್ (ಶಿಶು ಅಭಿವೃದ್ಧಿ ಯೋಜನೆ) ಕಚೇರಿಗೆ ಹೋಗುತ್ತದೆ. ಡಾಕ್ಟರರ ಸರ್ಟಿಫಿಕೇಟಿನಲ್ಲಿ ರೋಗದ ಹೆಸರಿದ್ದರೆ ಸಾಲದು. ಮಗುವಿನ ಹತ್ತಿರ ಪೂರ್ತಿ ಹೊತ್ತು ಒಬ್ಬರು ಇರಲೇಬೇಕು ಎಂದೂ ಇರಬೇಕು. ಹಣ ತಿಂಗಳು ತಿಂಗಳು ಬರುವುದೆಂದು ನಂಬಿ ಯಾರೂ ಅಂಗಡಿಯಲ್ಲಿ ಸಾಲ ಬರೆಸುವುದಿಲ್ಲ, ಬಾಕಿ ಬಿದ್ದು ಬರುವುದೇ ಹೆಚ್ಚು.

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆಯ ಲೆಕ್ಕ ಬೇರೆ. ಗೇರುತೋಟಗಳ ಮೇಲೆ 2000ದ ವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರುಗಳಿವು. ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿದ್ದರೆ ‘ಸ್ನೇಹಸಾಂತ್ವನಂ’ ಇದೆ: ಹಾಸಿಗೆ ಹಿಡಿದವರಿಗೆ ತಿಂಗಳಿಗೆ 2,200 ರೂಪಾಯಿ, ಅಂಗವಿಕಲ ಪಿಂಚಣಿ ಪಡೆಯುತ್ತಿದ್ದರೆ 1,700. ಆರೈಕೆಯವರಿಗೆ 600ರ ಬದಲು 700. ಪಟ್ಟಿಗೆ ಸೇರಲು ವಿಶೇಷ ವೈದ್ಯಕೀಯ ಶಿಬಿರದಲ್ಲಿ ತಪಾಸಣೆ ಆಗಬೇಕು. ಪಂಚಾಯತಿಗೆ ಅರ್ಜಿ ಕೊಟ್ಟರೆ ಆಗುವ ಕೆಲಸವಲ್ಲ. ಸಂತ್ರಸ್ತರಿಗೆ 5 ಲಕ್ಷ ಪರಿಹಾರವನ್ನು ಮೂರು ತಿಂಗಳಲ್ಲಿ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2017ರ ಜನವರಿಯಲ್ಲಿ. ಹೆಚ್ಚಿನವರ ಕೈಗೆ ಅದು ಸಿಕ್ಕಿದ್ದು 2022ರಲ್ಲಿ, ಕೋರ್ಟು ಮತ್ತೊಮ್ಮೆ ಗದರಿದ ಮೇಲೆ.

ಇನ್ನು ಚಿಕಿತ್ಸೆ. ಗಡಿ ಅಡ್ಡ ಬರುವುದು ಇಲ್ಲೇ. ದೊಡ್ಡ ಕಾಯಿಲೆಯಾದರೆ ಜನ ಗಡಿಯ ತಲಪಾಡಿ ದಾಟಿ, ಕಾಸರಗೋಡು ಪೇಟೆಯಿಂದ 50 ಕಿಲೋಮೀಟರ್ ದೂರದ ಮಂಗಳೂರಿಗೇ ಓಡುವುದು. ಕೈಯಲ್ಲಿರುವುದು ಕೇರಳದ ‘ಕಾರುಣ್ಯ’ ಆರೋಗ್ಯ ವಿಮೆಯ ಕಾರ್ಡು, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಕೇರಳದ ರೇಷನ್ ಕಾರ್ಡಿಗೆ ಕರ್ನಾಟಕದ ಯೋಜನೆ ಸಿಗುವುದಿಲ್ಲ. ಹಾಗಾಗಿ ಅಡ್ಮಿಟ್ ಮಾಡುವ ಮೊದಲೇ ಆಸ್ಪತ್ರೆಯ ವಿಮೆ ಕೌಂಟರಿನಲ್ಲಿ ಎರಡು ಮಾತು ಕೇಳಬೇಕು: ಈ ಕಾರ್ಡು ಇಲ್ಲಿ ನಡೆಯುತ್ತದೆಯೇ, ಈ ಚಿಕಿತ್ಸೆಗೂ ನಡೆಯುತ್ತದೆಯೇ. ಒಪ್ಪಿಗೆ ಬರುವ ಮೊದಲು ಕೈಯಿಂದ ಕಟ್ಟಿದ ಬಿಲ್ಲು ಮರಳಿ ಸಿಗುತ್ತದೆಂದು ಭಾವಿಸಬೇಡಿ. ಇದು ನಗದುರಹಿತ ಯೋಜನೆ. ಒಪಿಯಲ್ಲಿ (ಹೊರರೋಗಿ ವಿಭಾಗ) ಬರೆದುಕೊಡುವ ಫಿಟ್ಸಿನ ಔಷಧಿ, ಡೈಪರು, ಕಾರು ಬಾಡಿಗೆ ಯಾವುದೂ ಅದರೊಳಗೆ ಬರುವುದಿಲ್ಲ. ವರ್ಷವಿಡೀ ಮನೆಯನ್ನು ಸೋರಿಸುವುದು ಈ ಖರ್ಚುಗಳೇ.

ಸಿಕ್ಕಿಬೀಳುವ ಇನ್ನೊಂದು ಜಾಗ ಹೆಸರು. ಮಂಗಳೂರಿನಲ್ಲಿ ಹುಟ್ಟಿದ ಮಗುವಿನ ಜನನ ಪತ್ರ ಕರ್ನಾಟಕದ್ದು, ಆಧಾರ್ ಮತ್ತು ರೇಷನ್ ಕಾರ್ಡು ಕೇರಳದ್ದು. ಒಂದರಲ್ಲಿ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಮನೆ ಹೆಸರು. ಮಗು ಚೆನ್ನಾಗಿರುವಾಗಲೇ ಅಕ್ಷಯ ಕೇಂದ್ರಕ್ಕೆ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಹೋಗಿ ಆಧಾರ್, ರೇಷನ್ ಕಾರ್ಡುಗಳ ಹೆಸರನ್ನು ಜನನ ಪತ್ರದಲ್ಲಿರುವಂತೆಯೇ ಮಾಡಿಸಿ, ರೇಷನ್ ಕಾರ್ಡಿಗೆ ಮಗುವಿನ ಹೆಸರು ಸೇರಿಸಬೇಕು. ಐಸಿಯು ಎದುರು ಕೂತು ಮಾಡಿಸುವ ಕೆಲಸವಲ್ಲ ಅದು. ಅಂದ ಹಾಗೆ, ಮಲಯಾಳ ಬರೆಯಲು ಬಾರದವರು ಅರ್ಜಿಯನ್ನು ಕನ್ನಡದಲ್ಲೇ ಕೊಡಬಹುದು. ಇಲ್ಲಿನ ಭಾಷಾ ಅಲ್ಪಸಂಖ್ಯಾತರಿಗೆ ಆ ಹಕ್ಕು ಇದೆ.