ಹತ್ತನೇ ಬೀದಿಯ ಸಾಕ್ಷಿಗಳಿಗೆ ಎರಡು ತಕ್ಕಡಿ

ಕುಮಟೆಯ ಗೆಳೆಯರೇ,

ನಿಮ್ಮ ಲೇಖನದ ಹದಿನಾಲ್ಕು ಪುಟಗಳನ್ನು ಎರಡು ಸಲ ಓದಿದೆ. ಮೊದಲ ಸಲ ಶಿರಸಿಯಿಂದ ಇಳಿಯುವ ಬಸ್ಸಿನಲ್ಲಿ. ದೇವಿಮನೆ ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳೆಸುತ್ತಿದ್ದರೂ ಬಿಡದೆ ಓದಿದೆ. ಅಂದರೆ ಓದಿಸಿಕೊಂಡು ಹೋಗುತ್ತದೆ. ಎರಡನೇ ಸಲ ಮನೆಯಲ್ಲಿ, ಪೆನ್ಸಿಲ್ ಹಿಡಿದು. ಆಗ ತಕರಾರು ಶುರುವಾಯಿತು. ಪತ್ರಿಕೆಗೆ ಹೀಗೇ ಹಾಕಲು ಆಗುವುದಿಲ್ಲ. ನೀವೇ "ಮುಲಾಜಿಲ್ಲದೆ ಹೇಳಿ" ಅಂದಿದ್ದೀರಿ, ಹೇಳುತ್ತೇನೆ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ.

ಬೇರೆಯವರೂ ಇದನ್ನು ಓದುತ್ತಾರೆ, ಅವರಿಗಾಗಿ ಎರಡು ಮಾತು. 1963ರ ನವೆಂಬರ್ 22ರಂದು ಮಧ್ಯಾಹ್ನ 12:30ಕ್ಕೆ ಅಮೆರಿಕದ ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನಡಿಗೆ ಗುಂಡು ಬಿತ್ತು. ಮುಕ್ಕಾಲು ಗಂಟೆಯ ನಂತರ ಅದೇ ಊರಿನ ಓಕ್ ಕ್ಲಿಫ್ ಎಂಬಲ್ಲಿ, ಹತ್ತನೇ ಬೀದಿಯಲ್ಲಿ, ಜೆ. ಡಿ. ಟಿಪ್ಪಿಟ್ ಎಂಬ ಪೊಲೀಸ್ ಸತ್ತ. ಎರಡೂ ಕೊಲೆ ಮಾಡಿದ್ದು ಲೀ ಹಾರ್ವೆ ಆಸ್ವಾಲ್ಡ್ ಎಂದು ತನಿಖೆಗೆಂದು ಸರ್ಕಾರ ನೇಮಿಸಿದ್ದ ವಾರನ್ ಆಯೋಗ 1964ರಲ್ಲಿ ವರದಿ ಕೊಟ್ಟಿತು. ಇವರ ಲೇಖನ ಇರುವುದು ಎರಡನೇ ಕೊಲೆಯ ಸಾಕ್ಷಿಗಳ ಬಗ್ಗೆ. ಹೆಸರು "ಹತ್ತನೇ ಬೀದಿಯ ಸುಳ್ಳು ಸಾಕ್ಷಿಗಳು". ಆಸ್ವಾಲ್ಡ್ ಟಿಪ್ಪಿಟ್‌ನನ್ನು ಕೊಲ್ಲಲಿಲ್ಲ ಅನ್ನುವುದು ಇವರ ವಾದ.

ವಾದ ಮಾಡಿ, ಬೇಡ ಅನ್ನುವುದಿಲ್ಲ. ನನ್ನ ತಕರಾರು ಬೇರೆ. ಪುಟ 3ರಲ್ಲಿ ಬರೆಯುತ್ತೀರಿ: "ಕಣ್ಣಾರೆ ಕಂಡೆ ಎನ್ನುವವರನ್ನು ನಂಬುವುದೇ ಮೂರ್ಖತನ." ಪುಟ 11ರಲ್ಲಿ ಬರೆಯುತ್ತೀರಿ: "ಕಣ್ಣಾರೆ ಕಂಡ ಹೆಂಗಸಿನ ಮಾತನ್ನೇ ಮುಚ್ಚಿಹಾಕಿದರು!" ಪುಟ 3ರ ಹೆಂಗಸು ಹೆಲೆನ್ ಮಾರ್ಕಮ್, ಆಸ್ವಾಲ್ಡನನ್ನು ಗುರುತಿಸಿದವರು. ಪುಟ 11ರ ಹೆಂಗಸು ಅಕ್ವಿಲಾ ಕ್ಲೆಮನ್ಸ್, ಇಬ್ಬರು ಗಂಡಸರನ್ನು ಕಂಡೆ, ಕೋವಿ ಹಿಡಿದವನು ಕುಳ್ಳಗೆ ದಪ್ಪಗಿದ್ದ ಎಂದವರು. ಒಬ್ಬರಿಗೆ ಒಂದು ತಕ್ಕಡಿ, ಇನ್ನೊಬ್ಬರಿಗೆ ಇನ್ನೊಂದು. ಸಂತೆಯಲ್ಲಿ ಮೀನು ಮಾರುವವರು ಹೀಗೆ ಮಾಡಿದರೆ ನೀವು ಸುಮ್ನೆ ಬಿಡುತ್ತೀರಾ?

ಇನ್ನೊಂದು ಗಮನಿಸಿದಿರಾ? ಲೇಖನದ ತುಂಬಾ ಮಾರ್ಕಮ್ "ಅವಳು". "ಅವಳು ಬಡಬಡಿಸಿದಳು", "ಅವಳು ಮಾತು ಬದಲಿಸಿದಳು". ಕ್ಲೆಮನ್ಸ್ ಮಾತ್ರ "ಆ ತಾಯಿ". ಆಸ್ವಾಲ್ಡನ ಪರ ವಾದಿಸಿದ ಮಾರ್ಕ್ ಲೇನ್ ಎಂಬ ವಕೀಲ "ಅವರು". ಓದುವವನಿಗೆ ಪುರಾವೆ ಕೊಡುವ ಮೊದಲೇ ಏಕವಚನ ಬಹುವಚನದಲ್ಲಿ ತೀರ್ಪು ಕೊಟ್ಟು ಮುಗಿಸಿದ್ದೀರಿ. ಮಾರ್ಕಮ್ ಹೋಟೆಲಿನಲ್ಲಿ ತಟ್ಟೆ ಕೊಡುವ ಹೆಂಗಸು, ಕೆಲಸಕ್ಕೆ ಹೋಗಲು ಬಸ್ಸಿಗೆ ಹೊರಟಿದ್ದವರು. ಕಣ್ಣೆದುರೇ ಒಬ್ಬ ಮನುಷ್ಯ ಗುಂಡು ತಿಂದು ಬಿದ್ದ. ಬಹುವಚನ ಕೊಟ್ಟರೆ ನಿಮ್ಮ ವಾದಕ್ಕೆ ಏನೂ ನಷ್ಟವಿಲ್ಲ.

ಈಗ ಮಾರ್ಕಮ್ ವಿಷಯಕ್ಕೇ ಬರೋಣ. ಅವರ ಸಾಕ್ಷ್ಯ ಚೆನ್ನಾಗಿಲ್ಲ, ನಿಜ. ಗುರುತಿಸುವ ಪೆರೇಡಿನಲ್ಲಿ ಯಾರನ್ನಾದರೂ ಗುರುತಿಸಿದಿರಾ ಎಂದು ಆಯೋಗದ ವಕೀಲ ಜೋಸೆಫ್ ಬಾಲ್ ಕೇಳುತ್ತಾರೆ. ಇಲ್ಲ ಅನ್ನುತ್ತಾರೆ. ಮತ್ತೆ ಕೇಳುತ್ತಾರೆ. ಇಲ್ಲ. ಕೊನೆಗೆ "ಎರಡನೇ ನಂಬರಿನವನು ಇದ್ದನಾ?" ಎಂದು ಕೇಳಿದ ಮೇಲೆ, ಹೌದು, ಅವನನ್ನೇ ಆರಿಸಿದ್ದು ಅನ್ನುತ್ತಾರೆ. ಉತ್ತರವನ್ನು ಬಾಯಿಗಿಟ್ಟು ಕೇಳಿದ ಪ್ರಶ್ನೆ. ಇದನ್ನು ನೀವು ಪೂರಾ ಒಂದೂವರೆ ಪುಟ ಹಿಂಜಿದ್ದೀರಿ. ಸರಿ. ಆದರೆ ಅದೇ ಮಾರ್ಕಮ್‌ಗೆ ಮಾರ್ಕ್ ಲೇನ್ ಫೋನ್ ಮಾಡಿದ್ದರಲ್ಲ? ಕೊಲೆಗಾರ ಕುಳ್ಳ, ಸ್ವಲ್ಪ ದಪ್ಪ, ಪೊದೆಗೂದಲು ಎಂದು ಆಕೆ ತನ್ನ ಬಳಿ ಹೇಳಿದರು ಎಂದು ಲೇನ್ ಆಯೋಗಕ್ಕೆ ತಿಳಿಸಿದರು. ಆ ಫೋನಿನ ಮಾತು ಧ್ವನಿಮುದ್ರಣವಾಗಿತ್ತು. ಅದನ್ನು ಓದಿದರೆ ದಪ್ಪಗಿದ್ದನಾ, ಕೂದಲು ಪೊದೆಯಾಗಿತ್ತಾ ಎಂದು ಲೇನ್ ಅವರೇ ಶಬ್ದ ಎತ್ತಿಕೊಡುತ್ತಿದ್ದಾರೆ. ಈಕೆ ಜಾಸ್ತಿ ದಪ್ಪ ಏನಲ್ಲ ಅನ್ನುತ್ತಾರೆ, ಒಂಚೂರು ಪೊದೆ ಅನ್ನುತ್ತಾರೆ. ಇದೂ ಬಾಯಿಗಿಟ್ಟು ಕೇಳಿದ್ದೇ ಅಲ್ವಾ? ನೀವು ಬಾಲ್ ಅವರನ್ನು ಹಿಡಿದು ಲೇನ್ ಅವರನ್ನು ಬಿಟ್ಟಿರಿ. ಎರಡನ್ನೂ ಅಕ್ಕಪಕ್ಕ ಇಟ್ಟು ಬರೆದಿದ್ದರೆ ಅದೇ ಲೇಖನದ ಜೀವ ಆಗುತ್ತಿತ್ತು. ಎರಡೂ ಕಡೆಯ ವಕೀಲರು ಒಬ್ಬ ಹೆದರಿದ ಹೆಂಗಸಿನ ಬಾಯಿಂದ ತಮಗೆ ಬೇಕಾದದ್ದನ್ನು ತೆಗೆಸಿದರು. ಹಾಗೆ ಬರೆಯಿರಿ, ನಾನು ಮುಖಪುಟಕ್ಕೆ ಹಾಕುತ್ತೇನೆ.

ಇನ್ನು ನಿಮ್ಮ ನಡಿಗೆ. ಇಡೀ ಲೇಖನದಲ್ಲಿ ನನಗೆ ಇಷ್ಟವಾಗಿದ್ದು ಪುಟ 9. ಆಸ್ವಾಲ್ಡ್ ತನ್ನ ಬಾಡಿಗೆ ಕೋಣೆಯಿಂದ ಸುಮಾರು 1:03ಕ್ಕೆ ಹೊರಬಿದ್ದ ಎನ್ನುತ್ತಾರೆ. ಕೊಲೆ ನಡೆದ ಜಾಗ ಅಲ್ಲಿಂದ ಸುಮಾರು 1.4 ಕಿಲೋಮೀಟರ್. ನೀವು ಹೆದ್ದಾರಿಯ ಬದಿಯಲ್ಲಿ ಅಷ್ಟೇ ದೂರ ಕೊಡೆ ಹಿಡಿದು ನಡೆದು, ಮೊಬೈಲಿನಲ್ಲಿ ಸಮಯ ನೋಡಿದ್ದೀರಿ. ಹದಿನೈದು ನಿಮಿಷ. ಲಾರಿಯೊಂದು ಕೆಸರು ಹಾರಿಸಿದ್ದನ್ನೂ ಬರೆದಿದ್ದೀರಿ. ಅದನ್ನು ತೆಗೆಯಬೇಡಿ.

ಆದರೆ ಅದರ ಮುಂದಿನ ಪ್ಯಾರಾ ನೋಡಿ. "ಕೊಲೆ ನಡೆದದ್ದು 1:06ಕ್ಕೆ, ಸಾಕ್ಷಿಯೇ ಹೇಳಿದ್ದಾರೆ, ಆದ್ದರಿಂದ ಆಸ್ವಾಲ್ಡ್ ಅಲ್ಲಿರಲು ಸಾಧ್ಯವೇ ಇಲ್ಲ." ಯಾರು ಆ ಸಾಕ್ಷಿ? ಅದೇ ಮಾರ್ಕಮ್! ಪುಟ 3ರಲ್ಲಿ ಒಂದಕ್ಷರವೂ ನಂಬಲಾಗದವರು ಪುಟ 9ಕ್ಕೆ ಬರುವಾಗ ನಿಮಿಷ ತಪ್ಪದ ಗಡಿಯಾರ ಆಗಿಬಿಟ್ಟರು. ದಾರಿಯಲ್ಲಿ ಬಂದು ಪೊಲೀಸ್ ಕಾರಿನ ರೇಡಿಯೋದಲ್ಲಿ ಸುದ್ದಿ ಕೊಟ್ಟ ಬೌಲಿ ತನ್ನ ಕೈಗಡಿಯಾರ 1:10 ತೋರಿಸುತ್ತಿತ್ತು ಎಂದರು. ಆಯೋಗ ಆ ಕರೆಯನ್ನು 1:16ರ ಲೆಕ್ಕಕ್ಕೆ ತಂದಿತು. ಕೋಣೆಯಿಂದ ಹೊರಟ 1:03 ಕೂಡ ಮನೆಗೆಲಸದ ಹೆಂಗಸೊಬ್ಬರು "ಒಂದು ಗಂಟೆ ಹೊತ್ತಿಗೆ ಬಂದ, ಮೂರ್ನಾಲ್ಕು ನಿಮಿಷ ಇದ್ದ" ಎಂದದ್ದರಿಂದ ಕಟ್ಟಿದ ಅಂದಾಜು. ಒಂದೊಂದೂ ಬೇರೆ ಬೇರೆ ಗಡಿಯಾರ, ಒಂದೆರಡಕ್ಕೆ ಗಡಿಯಾರವೇ ಇಲ್ಲ. ಇಷ್ಟರ ಮೇಲೆ "ಸಾಧ್ಯವೇ ಇಲ್ಲ" ಅನ್ನುವ ಮಾತು ನಿಲ್ಲುವುದಿಲ್ಲ. "ಕಷ್ಟ" ಅನ್ನಿ, ಒಪ್ಪುತ್ತೇನೆ.

ಇಲ್ಲಿ ನನ್ನದೊಂದು ಕಥೆ ಹೇಳಬೇಕು. ನಮ್ಮಪ್ಪ ಮತ್ತು ಚಿಕ್ಕಪ್ಪ ಇಬ್ಬರಿಗೂ ಯಕ್ಷಗಾನದ ಹುಚ್ಚು. ಹೊನ್ನಾವರದ ಕಡೆಯ ಒಂದು ಬಯಲಾಟದಲ್ಲಿ ಕೀಚಕ ಮಾಡಿದ್ದು ಯಾರು ಅಂತ ಮೂವತ್ತು ವರ್ಷ ಜಗಳ ಆಡಿದ್ದಾರೆ. ಇಬ್ಬರೂ ಆ ರಾತ್ರಿ ಒಂದೇ ಕಂಬಳಿ ಮೇಲೆ ಕೂತು ನೋಡಿದವರು. ಅಪ್ಪ ಒಬ್ಬ ವೇಷಧಾರಿಯ ಹೆಸರು ಹೇಳಿ, ಅವರು ಪ್ರವೇಶಕ್ಕೆ ಬಂದ ರೀತಿಯನ್ನು ಜಗಲಿಯಲ್ಲಿ ಕುಣಿದೇ ತೋರಿಸುತ್ತಿದ್ದರು. ಚಿಕ್ಕಪ್ಪ ಇನ್ನೊಬ್ಬರ ಹೆಸರು ಹೇಳಿ, ಅವರ ಅರ್ಥಗಾರಿಕೆಯನ್ನು ಸಾಲು ಸಾಲೇ ಒಪ್ಪಿಸುತ್ತಿದ್ದರು. ವರ್ಷ ಹೋದಂತೆ ಇಬ್ಬರಿಗೂ ವಿವರ ಜಾಸ್ತಿಯಾಯಿತೇ ಹೊರತು ಕಡಿಮೆಯಾಗಲಿಲ್ಲ. ಒಂದು ಮಳೆಗಾಲ ಅಟ್ಟ ಗುಡಿಸುವಾಗ ಆ ಆಟದ ಕರಪತ್ರ ಸಿಕ್ಕಿತು. ಗೆದ್ದಲು ತಿಂದ ಮೂಲೆ ಬಿಟ್ಟರೆ ಎಲ್ಲ ಓದುವಂತಿತ್ತು. ಕೀಚಕನ ಎದುರು ಮೂರನೆಯವರೊಬ್ಬರ ಹೆಸರು!

ಜಗಳ ಮುಗಿಯಿತು ಅಂದುಕೊಂಡೆ. ಅಜ್ಜಿ ಒಳಗಿನಿಂದ ಅಂದರು: "ಕರಪತ್ರ ಆಟಕ್ಕಿಂತ ಮೊದಲೇ ಅಚ್ಚಾಗ್ತು. ಆ ದಿನ ಯಾರು ಬಂದಿದ್ವೋ ಅದಕ್ಕೆಂತ ಗೊತ್ತು?"

ಆ ಮಾತು ನಿಮ್ಮ ಪುಟ 6ಕ್ಕೂ ಸಲ್ಲುತ್ತದೆ. ಅಲ್ಲಿ ನೀವು ಮನುಷ್ಯರನ್ನು ಬಿಟ್ಟು ವಸ್ತುಗಳ ಹಿಂದೆ ಹೋಗುತ್ತೀರಿ, "ವಸ್ತು ಸುಳ್ಳು ಹೇಳುವುದಿಲ್ಲ" ಎಂದು ಶುರು ಮಾಡುತ್ತೀರಿ. ವಸ್ತು ಏನೂ ಹೇಳುವುದಿಲ್ಲ, ಅದರ ಪರವಾಗಿ ಯಾರೋ ಹೇಳುತ್ತಾರೆ. ಖಾಲಿ ತೋಟೆಗಳ ಸಂಗತಿಯನ್ನೇ ನೋಡಿ. ಡೊಮಿಂಗೊ ಬೆನಾವಿಡೆಸ್ ಎಂಬಾತ ತನ್ನ ಪಿಕಪ್‌ನಿಂದ ಇಳಿದು, ಎರಡು ಖಾಲಿ ತೋಟೆಗಳನ್ನು ಕಡ್ಡಿಯಿಂದ ಎತ್ತಿ, ವಿನ್‌ಸ್ಟನ್ ಸಿಗರೇಟಿನ ಖಾಲಿ ಪ್ಯಾಕಿನೊಳಗೆ ಹಾಕಿ ಪೋ ಎಂಬ ಪೊಲೀಸನ ಕೈಗೆ ಕೊಟ್ಟರು. ಬೆರಳು ತಾಗಬಾರದು ಅನ್ನುವ ಬುದ್ಧಿ ದಾರಿಹೋಕನಿಗೆ ಇತ್ತು ನೋಡಿ. ಪೋ ಅವುಗಳ ಮೇಲೆ ತನ್ನ ಗುರುತು ಕೊರೆದಿದ್ದೆ ಅಂದುಕೊಂಡಿದ್ದರು. ಆಯೋಗದ ಮುಂದೆ ಬಂದಾಗ ಗುರುತು ಸಿಗಲಿಲ್ಲ, ಕೊರೆದೇ ಕೊರೆದೆ ಎಂದು ಪ್ರಮಾಣ ಮಾಡಲೂ ಆಗಲಿಲ್ಲ. ಇದನ್ನು ನೀವು "ತೋಟೆ ಬದಲಾಯಿಸಿದರು" ಅಂತ ಬರೆದಿರಿ. ಗುರುತು ಸಿಗಲಿಲ್ಲ ಎಂಬುದು ಒಂದು ಸಂಗತಿ. ಬದಲಾಯಿಸಿದರು ಎಂಬುದು ಇನ್ನೊಂದು. ನಡುವಿನ ಹೊಳೆ ದಾಟಲು ನಿಮ್ಮ ಹತ್ತಿರ ದೋಣಿ ಇಲ್ಲ. ಜೊತೆಗೆ, ಉಳಿದ ಎರಡು ತೋಟೆ ಸಿಕ್ಕಿದ್ದು ಡೇವಿಸ್ ಮನೆಯ ಇಬ್ಬರು ಹೆಂಗಸರಿಗೆ. ಆ ಎರಡರ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ.

ಜೆರಾಲ್ಡ್ ಹಿಲ್ ಎಂಬ ಸಾರ್ಜೆಂಟ್ ರೇಡಿಯೋದಲ್ಲಿ "ಆಟೊಮ್ಯಾಟಿಕ್" ಎಂದದ್ದೂ ಹಾಗೇ. ಆಟೊಮ್ಯಾಟಿಕ್ ಖಾಲಿ ತೋಟೆಯನ್ನು ತಾನೇ ಹೊರಗೆ ಎಸೆಯುತ್ತದೆ. ರಿವಾಲ್ವರಿನಲ್ಲಿ ಹೊಡೆದವನೇ ಕೈಯಾರೆ ಖಾಲಿ ಮಾಡಬೇಕು. ನೆಲದ ಮೇಲೆ ತೋಟೆ ಕಂಡ ಪೊಲೀಸ್ ಗಡಿಬಿಡಿಯಲ್ಲಿ ಆಟೊಮ್ಯಾಟಿಕ್ ಅಂದಿರಬಹುದು. ಆದರೆ ಓಡಿದವನು ತೋಟೆ ಉದುರಿಸುತ್ತಾ ಹೋದದ್ದನ್ನು ನೋಡಿದವರಿದ್ದಾರೆ. ರೇಡಿಯೋ ಮಾತು ಕರಪತ್ರದ ಹಾಗೆ. ಆ ಕ್ಷಣಕ್ಕೆ ಏನು ಅಂದುಕೊಂಡಿದ್ದರು ಅಂತ ಹೇಳುತ್ತದೆ, ಏನಾಗಿತ್ತು ಅಂತಲ್ಲ.

ದೇಹದಿಂದ ತೆಗೆದ ನಾಲ್ಕು ಗುಂಡುಗಳಲ್ಲಿ ಮೂರು ಒಂದು ಕಂಪನಿಯವು, ಒಂದು ಇನ್ನೊಂದರದ್ದು. ಖಾಲಿ ತೋಟೆಗಳು ಮಾತ್ರ ಎರಡೂ ಕಂಪನಿಯವು ಎರಡೆರಡು. ಈ ಲೆಕ್ಕ ತಾಳೆಯಾಗುವುದಿಲ್ಲ ಎಂದು ನೀವು ಹಿಡಿದದ್ದು ಒಳ್ಳೆಯ ಪ್ರಶ್ನೆ, ಇಟ್ಟುಕೊಳ್ಳಿ. ಆದರೆ ಪರೀಕ್ಷೆ ಮಾಡಿದವರು ನಾಲ್ಕೂ ತೋಟೆ ಆಸ್ವಾಲ್ಡನ ರಿವಾಲ್ವರಿನವೇ ಎಂದರು ಅನ್ನುವುದನ್ನೂ ಅದೇ ಪ್ಯಾರಾದಲ್ಲಿ ಬರೆಯಿರಿ. ಅವನು ಸಿನಿಮಾ ಥಿಯೇಟರಿನಲ್ಲಿ ಸಿಕ್ಕಿಬಿದ್ದಾಗ ಆ ರಿವಾಲ್ವರ್ ಅವನ ಬಳಿಯೇ ಇತ್ತು. ನನ್ನನ್ನು ಕೇಳಿದರೆ, ಮಾರ್ಕಮ್ ಅವರನ್ನು ಪೂರಾ ಪಕ್ಕಕ್ಕಿಟ್ಟರೂ ಈ ಕೇಸು ಬೀಳುವುದಿಲ್ಲ. ನೀವು ಒಪ್ಪಬೇಕಿಲ್ಲ. ಆದರೆ ನನ್ನಂಥ ಓದುಗನಿಗೆ ಉತ್ತರ ಕೊಡದೆ ಪುಟ ತಿರುಗಿಸಬೇಡಿ.

ಬೆನಾವಿಡೆಸ್ ಬಗ್ಗೆ ನೀವು ಎರಡೇ ಸಾಲು ಬರೆದದ್ದು ನನಗೆ ಬೇಜಾರು. ಎಲ್ಲರಿಗಿಂತ ಹತ್ತಿರ ಇದ್ದವರು ಅವರು, ಹದಿನೈದು ಅಡಿಯಷ್ಟು. ಅವತ್ತು ಗುರುತು ಹಿಡಿಯಲು ಆಗುತ್ತದೆ ಅನ್ನಿಸುವುದಿಲ್ಲ ಎಂದರು, ಪೊಲೀಸರು ಪೆರೇಡಿಗೂ ಕರೆಯಲಿಲ್ಲ. 1967ರಲ್ಲಿ ಟೀವಿಯವರ ಮುಂದೆ ಮಾತ್ರ ಅವನು ಆಸ್ವಾಲ್ಡನೇ, ಅನುಮಾನವಿಲ್ಲ ಎಂದರು. ನಡುವೆ ಆಸ್ವಾಲ್ಡನ ಮುಖ ಎಷ್ಟು ಪತ್ರಿಕೆಯಲ್ಲಿ, ಎಷ್ಟು ಪರದೆಯ ಮೇಲೆ ಬಂದಿರಬೇಡ! ಜಗಲಿಯಲ್ಲಿ ಕುಣಿಯುತ್ತಿದ್ದ ನಮ್ಮಪ್ಪ ನೆನಪಾದರು. ಈ ಮನುಷ್ಯನಿಗೆ ಎರಡು ಪುಟ ಕೊಡಿ.

ಪೆರೇಡ್ ಅಂದೆ. ಮಾರ್ಕಮ್ ನೋಡಿದ ಸಾಲಿನಲ್ಲಿ ಆಸ್ವಾಲ್ಡನ ಜೊತೆ ನಿಂತವರು ಇಬ್ಬರು ಪೊಲೀಸರು, ಒಬ್ಬ ಜೈಲು ಗುಮಾಸ್ತ. ಆಸ್ವಾಲ್ಡನ ಮುಖದ ಮೇಲೆ ಪೆಟ್ಟಿನ ಗುರುತು ಬೇರೆ. ಇದು ನಿಮ್ಮ ವಾದಕ್ಕೆ ಬಲ ಕೊಡುವ ಸಂಗತಿ, ನೀವೇ ಬಿಟ್ಟಿದ್ದೀರಿ! ಇನ್ನೊಂದನ್ನೂ ಬಿಟ್ಟಿದ್ದೀರಿ: ನವೆಂಬರ್ 24ಕ್ಕೆ ಜ್ಯಾಕ್ ರೂಬಿ ಎಂಬಾತ ಆಸ್ವಾಲ್ಡನನ್ನೇ ಕೊಂದ. ಹಾಗಾಗಿ ಈ ಸಾಕ್ಷಿಗಳಲ್ಲಿ ಒಬ್ಬರಿಗೂ ಆರೋಪಿಯ ವಕೀಲನಿಂದ ಪಾಟೀಸವಾಲು ಆಗಿಲ್ಲ. ಕಾನೂನು ಓದುವ ನೀವು ಆಯೋಗದ ವಿಚಾರಣೆಯನ್ನು ಕೋರ್ಟಿನ ವಿಚಾರಣೆ ಅಂತ ಮೂರು ಕಡೆ ಬರೆದಿದ್ದೀರಿ, ತಿದ್ದಿ. ಹಾಗೇ, 1872ರ ಸಾಕ್ಷ್ಯ ಕಾಯ್ದೆ "ಈಗಲೂ ಹೇಳುತ್ತದೆ" ಎಂದಿದ್ದೀರಿ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ.

ಭಾಷೆ ಬಗ್ಗೆ ಸ್ವಲ್ಪ. ಕ್ಲೆಮನ್ಸ್ ಆಯೋಗದ ಮುಂದೆ ಬಂದವರಲ್ಲ, ಪ್ರಮಾಣ ಮಾಡಿ ಹೇಳಿದವರಲ್ಲ. ಅವರನ್ನು ಕರೆಯದೇ ಇದ್ದದ್ದು ಆಯೋಗದ ತಪ್ಪು, ಅದನ್ನು ಜೋರಾಗಿಯೇ ಬರೆಯಿರಿ. ಆದರೆ "ಇಬ್ಬರು ಬಂದರು, ಒಬ್ಬ ಕೈಬೀಸಿದ, ಇನ್ನೊಬ್ಬ ಓಡಿದ" ಎಂದು ನೀವೇ ನಿಂತು ನೋಡಿದ ಹಾಗೆ ಬರೆಯುತ್ತೀರಿ. ನಮ್ಮ ಕನ್ನಡದಲ್ಲಿ "ಅಂತೆ" ಅಂತ ಒಂದು ಇದೆ. ಬಂದ ಅಂದರೆ ನಾನು ನೋಡಿದ್ದು, ಬಂದನಂತೆ ಅಂದರೆ ಯಾರೋ ಹೇಳಿದ್ದು. ಎಷ್ಟು ಚಿಕ್ಕ ಬಾಲ, ಎಷ್ಟು ಕೆಲಸ! ಪತ್ರಿಕೆ ಭಾಷೆಗೆ ಒಗ್ಗುವುದಿಲ್ಲ ಅಂತ ಎಲ್ಲರೂ ಅದನ್ನು ಕತ್ತರಿಸುತ್ತಾರೆ. ನಾನು ಕತ್ತರಿಸುವುದಿಲ್ಲ, ಧಾರಾಳವಾಗಿ ಬಳಸಿ.

ಪುಟ 5ರಲ್ಲಿ "ಈ ಮಾತನ್ನು ಉಪ್ಪಿನ ಕಾಳಿನೊಂದಿಗೆ ಸ್ವೀಕರಿಸಬೇಕು" ಅಂತ ಇದೆ. ಸಾಣಿಕಟ್ಟೆಯ ಉಪ್ಪಿನಾಗರದ ಪಕ್ಕದಲ್ಲಿ ಹುಟ್ಟಿ ಇದೇನು ಮಾತು ಮಾರಾಯರೇ? ಪೂರಾ ನಂಬಬೇಡಿ ಅನ್ನುವುದಕ್ಕೆ ಇಂಗ್ಲಿಷಿನವರು ಹೇಳುವ ಮಾತು, ಓದಿ ಟಿಪ್ಪಣಿ ಮಾಡಿಕೊಂಡದ್ದು ಹಾಗೇ ಇಳಿದಿದೆ. ಶುರುವಿಗೆ ಹಾಕಿದ "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಗಾದೆಯನ್ನೂ ತೆಗೆಯಿರಿ. ಈ ವಿಷಯದ ಮೇಲೆ ನನಗೆ ಬಂದ ಪ್ರತಿ ಲೇಖನವೂ ಅದರಿಂದಲೇ ಶುರುವಾಗುತ್ತದೆ.

ಇನ್ನು ಪುಟ 13. ಕಂಸದೊಳಗೆ ಒಂದು ಮಾತು ಬರೆದು ಮುಂದೆ ಹೋಗಿದ್ದೀರಿ: ನಿಮ್ಮ ಸೋದರಮಾವ ಬಂದರಿನ ಹತ್ತಿರ ಚಹಾದಂಗಡಿ ಇಟ್ಟುಕೊಂಡಿದ್ದಾಗ ಯಾವುದೋ ಕೇಸಿನಲ್ಲಿ ಪಂಚರಾಗಿ ಸಹಿ ಹಾಕಿದ್ದು, ಆಮೇಲೆ ಕೋರ್ಟಿನಲ್ಲಿ ಕತ್ತಿ ತೋರಿಸಿ ಇದೇನಾ ಎಂದು ಕೇಳಿದಾಗ ಬೆವತದ್ದು. ಪೋ ತನ್ನ ಗುರುತನ್ನು ಹುಡುಕುತ್ತಾ ಕೂತದ್ದಕ್ಕೂ ಇದಕ್ಕೂ ಎಷ್ಟು ಹತ್ತಿರ! ಕಂಸ ತೆಗೆದುಹಾಕಿ, ಪೋನ ಪ್ಯಾರಾ ಪಕ್ಕಕ್ಕೆ ತನ್ನಿ. ಊರು, ಕೇಸು, ಜನರ ಹೆಸರು ಬೇಡ. ಪಂಚನಾಮೆಗೆ ಸಹಿ ಹಾಕುವಾಗ ಕಾಗದದಲ್ಲಿ ಬರೆದಿತ್ತೋ, ಖಾಲಿ ಇತ್ತೋ? ಕತ್ತಿಯನ್ನು ಅವರು ಅವತ್ತು ನೋಡಿದ್ದರೋ, ಕೋರ್ಟಿನಲ್ಲೇ ಮೊದಲು ನೋಡಿದ್ದೋ? ಮಾವನನ್ನು ಕೇಳಿ. ಕೇಳುವಾಗ ಉತ್ತರ ಬಾಯಿಗಿಡಬೇಡಿ. ಹತ್ತು ಪುಟದೊಳಗೆ ಮುಗಿಸಿ, ಗಣೇಶ ಚೌತಿಯ ಮೊದಲು ಕಳಿಸಿ.

ನಿಮ್ಮ
ಸಂಪಾದಕ