ಮಗ್ಗುಲ ತೋಟ ಮಾರಾಟಕ್ಕೆ ಬಂದಾಗ

ಓದುಗರ ಪತ್ರ: ನಮ್ಮ ಅಡಿಕೆ ತೋಟಕ್ಕೆ ತಾಗಿದ ತೋಟ ಮಾರಾಟಕ್ಕೆ ಬಂದಿದೆ. ಪಹಣಿಯಲ್ಲಿ 1 ಎಕರೆ 22 ಗುಂಟೆ, ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇದೆ. ಇಬ್ಬರು ಹೆಣ್ಣುಮಕ್ಕಳಿಗೆ ಮದುವೆಯಲ್ಲೇ ಕೊಟ್ಟು ಮುಗಿದಿದೆ ಎನ್ನುತ್ತಾರೆ ಮಗ. ‘ಬೆಟ್ಟವೂ ಸೇರಿ’ ಎಂದು ರೇಟು ಹೇಳುತ್ತಿದ್ದಾರೆ. ನಮ್ಮ ತೋಟಕ್ಕೆ ಗಾಡಿ ದಾರಿ, ಮೇಲಿನ ಕೆರೆಯ ನೀರು ಎರಡೂ ಅವರ ಜಾಗದ ಮೇಲೇ ಬರುತ್ತವೆ. ಬೆಂಗಳೂರಿನ ಪಾರ್ಟಿಯೊಂದು ಕಾಯುತ್ತಿದೆಯಂತೆ, ಹದಿನೈದು ದಿನದೊಳಗೆ ಅಡ್ವಾನ್ಸ್ ಕೊಡಿ ಎನ್ನುತ್ತಿದ್ದಾರೆ. ಅಮೆರಿಕದಲ್ಲಿರುವ ಮಗ ದುಡ್ಡು ಕಳಿಸುತ್ತಾನೆ, ಅವನ ಹೆಸರಿಗೇ ಮಾಡಿಸುವ ಆಸೆ. ನೋಡಿದ ಜಾಗ, ಗೊತ್ತಿರುವ ಜನ. ಪಕ್ಕದವರಿಗೆ ಮೊದಲ ಹಕ್ಕು ಇದೆ ಅಲ್ವಾ? ತಗೊಳ್ಳಲೇ?
— ಸಿದ್ದಾಪುರ ತಾಲ್ಲೂಕಿನ ಒಬ್ಬ ತೋಟಿಗರು

ಸಂಪಾದಕರ ಉತ್ತರ:

ತಗೊಳ್ಳಿ. ಆದರೆ ಹದಿನೈದು ದಿನದಲ್ಲಿ ಬೇಡ, ಮಗನ ಹೆಸರಿಗೂ ಬೇಡ.

ಮೊದಲ ಹಕ್ಕಿನ ವಿಷಯ ಮುಗಿಸಿಬಿಡೋಣ. ಪಕ್ಕದವರನ್ನು ಮೊದಲು ಕೇಳಬೇಕು ಅನ್ನುವುದು ನಮ್ಮ ಕಡೆಯ ಮರ್ಯಾದೆ. ಕೋರ್ಟಿನಲ್ಲಿ ಅದಕ್ಕೆ ಬೆಲೆ ಇಲ್ಲ. ಅಂಥ ಹಕ್ಕು ಇರುವುದು ಆ ಮನೆಯ ಹೆಣ್ಣುಮಕ್ಕಳಿಗೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಒಬ್ಬ ವಾರಸುದಾರ ತನ್ನ ಪಾಲು ಮಾರಲು ಹೊರಟರೆ ಉಳಿದವರು ‘ನಮಗೇ ಕೊಡು’ ಎಂದು ಕೇಳಬಹುದು. ಇದು ಕೃಷಿ ಜಮೀನಿಗೂ ಅನ್ವಯ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ.

ಅಲ್ಲಿಗೆ ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ಹಚ್ಚಿದ ಸಾಲಿಗೆ ಬಂದೆವು: ‘ಮದುವೆಯಲ್ಲೇ ಕೊಟ್ಟು ಮುಗಿದಿದೆ’. ಮದುವೆಗೆ ಬಂಗಾರ ಹಾಕಿದ್ದು, ಊಟ ಹಾಕಿದ್ದು ಪಾಲು ಕೊಟ್ಟ ಹಾಗಲ್ಲ. ಕರ್ನಾಟಕದಲ್ಲಿ 1994ರಿಂದಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲಿನ ಮಾತು ಕಾಯ್ದೆಗೆ ಬಂದಿತ್ತು. ಆಗ ಅದು ಮದುವೆಯಾಗದವರಿಗೆ ಮಾತ್ರ ಇತ್ತು. 2005ರ ತಿದ್ದುಪಡಿ ಆ ಭೇದ ತೆಗೆಯಿತು. ಅಪ್ಪ ಯಾವಾಗ ತೀರಿಕೊಂಡರು ಅನ್ನುವ ತಕರಾರಿಗೂ 2020ರಲ್ಲಿ ಸುಪ್ರೀಂ ಕೋರ್ಟ್ ತೆರೆ ಎಳೆಯಿತು. ಅಪ್ಪನ ಸ್ವಂತ ಸಂಪಾದನೆಯ ಜಮೀನಾಗಿದ್ದು ಉಯಿಲು ಇಲ್ಲದಿದ್ದರೂ ಮಗ, ಮಗಳು ಒಂದೇ ಲೆಕ್ಕ.

ಹಾಗಾಗಿ ಮೊದಲು ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಲಿ, ವಂಶವೃಕ್ಷದಲ್ಲಿರುವ ಎಲ್ಲರ ಹೆಸರೂ ಪಹಣಿಗೆ ಬರಲಿ. ತಾಯಿ ಇದ್ದರೆ ಅವರದ್ದೂ. ಕ್ರಯಪತ್ರಕ್ಕೆ ಅಷ್ಟೂ ಜನ ಬಂದು ಸಹಿ ಹಾಕಲಿ. ‘ಅಕ್ಕ ಮುಂಬೈಯಲ್ಲಿದ್ದಾಳೆ, ಅವಳೇನೂ ಅನ್ನೋದಿಲ್ಲ’ ಎಂದರೆ ಸುಮ್ನೆ ತಲೆ ಆಡಿಸಬೇಡಿ. ಅವಳು ಅನ್ನದೇ ಇರಬಹುದು. ಹತ್ತು ವರ್ಷದ ಮೇಲೆ ಅವಳ ಮಗ ಅಂದಾನು.

ಇನ್ನು ‘ಬೆಟ್ಟವೂ ಸೇರಿ’. ನಿಮ್ಮ ಭಾಗದವರಿಗೆ ಸೊಪ್ಪಿನ ಬೆಟ್ಟದ ಪಾಠ ಹೇಳುವುದು ಅಧಿಕಪ್ರಸಂಗವೇ ಸರಿ. ಆದರೂ ವ್ಯಾಪಾರಕ್ಕೆ ಕೂತಾಗ ಎಲ್ಲರೂ ಇದನ್ನು ಮರೆಯುತ್ತಾರೆ. ಬೆಟ್ಟ ಯಾರ ಮಾಲ್ಕಿಯೂ ಅಲ್ಲ. ತೋಟದ ಜೊತೆಗೆ ಸೊಪ್ಪು, ದರಕು (ಒಣಗಿದ ಎಲೆ) ತರುವ ಸವಲತ್ತು ಅದು. ತೋಟ ಕೊಂಡರೆ ಸವಲತ್ತು ಹಿಂದೆಯೇ ಬರುತ್ತದೆ, ಅದಕ್ಕೆ ಎಕರೆ ಲೆಕ್ಕದಲ್ಲಿ ದುಡ್ಡು ಎಣಿಸಬೇಕಿಲ್ಲ. ತೋಟದ ತಲೆಯಲ್ಲಿ ಬೆಟ್ಟಕ್ಕೆ ಒತ್ತಿ ಹಾಕಿದ ಅಡಿಕೆ ಇದ್ದರೆ ಅದು ಅತಿಕ್ರಮಣ. ಸಕ್ರಮಕ್ಕೆ ಅರ್ಜಿ ಕೊಟ್ಟಿದ್ದೇವೆ ಅನ್ನುತ್ತಾರೆ. ಅರ್ಜಿಯನ್ನು ಮಾರಲು ಬರುವುದಿಲ್ಲ. ಅದನ್ನು ಛಾಪಾ ಕಾಗದದ ಮೇಲೆ ‘ಬರೆದುಕೊಡುತ್ತೇವೆ’ ಎಂದರೆ ಆ ಕಾಗದ ಒಲೆಗೆ ಮಾತ್ರ. ನೀವು ರೇಟು ಕಟ್ಟಬೇಕಾದ್ದು 1 ಎಕರೆ 22 ಗುಂಟೆಗೆ. ಅದರಲ್ಲೂ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಎಷ್ಟಿದೆ ನೋಡಿ. ‘ಎ’ ಖರಾಬಾದರೆ ಹಿಡುವಳಿಯ ಜೊತೆಗೇ ಇರುತ್ತದೆ. ‘ಬಿ’ ಖರಾಬು ಎಂದರೆ ಹಳ್ಳ, ದಾರಿ, ಸರ್ಕಾರದ್ದು.

ಪಹಣಿಯ 11ನೇ ಕಾಲಂ ಕೂಡ ಓದಿ. ಸೊಸೈಟಿ ಬೆಳೆಸಾಲದ ಬೋಜಾ (ಜಮೀನಿನ ಮೇಲಿನ ಸಾಲದ ಹೊರೆ) ಅಲ್ಲೇ ಕೂತಿರುತ್ತದೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಇಸಿ (ಋಣಭಾರ ಪತ್ರ) ಒಂದನ್ನೇ ನಂಬಿದರೆ ಸಾಲದು. ಮೂಲದಲ್ಲಿ ಇದು ಯಾರಿಗಾದರೂ ಮಂಜೂರಾದ ಜಮೀನೇ ಎಂದು ಹಳೆ ಮ್ಯುಟೇಶನ್ ತೆಗೆಸಿ ನೋಡಿ. ಪರಿಶಿಷ್ಟರಿಗೆ ಮಂಜೂರಾಗಿದ್ದರೆ 1978ರ ಕಾಯ್ದೆಯಡಿ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾಡಿದ ಮಾರಾಟ ನಿಲ್ಲುವುದಿಲ್ಲ. ಎಷ್ಟು ಕೈ ಬದಲಾಗಿದ್ದರೂ ಅಷ್ಟೇ. ಇದನ್ನೆಲ್ಲ ನಿಮ್ಮ ವಕೀಲರು ನೋಡುತ್ತಾರೆ, ಇಲ್ಲಿ ಎಳೆಯುವುದಿಲ್ಲ.

ಎಳೆಯಬೇಕಾದ್ದು ಅಳತೆಯ ಮಾತು. ‘ನೋಡಿದ ಜಾಗ’ ಎಂದಿದ್ದೀರಿ. ನೋಡಿದ ಜಾಗವನ್ನೇ ಯಾರೂ ಅಳೆಸುವುದಿಲ್ಲ. ಅಳೆಸಿದರೆ ಅವರಿಗೆ ಬೇಜಾರು ಅನ್ನುವ ದಾಕ್ಷಿಣ್ಯ ಬೇರೆ. ನಿಮ್ಮಿಬ್ಬರ ನಡುವಿನ ಬೇಲಿಗೆ ಹೋಗಿ ನಿಂತು ಒಮ್ಮೆ ನೋಡಿ. ಬೇಲಿಯಂಚಿನ ಆ ಸಾಲು ಅಡಿಕೆ ಯಾರದ್ದು? ಕೊನೆ (ಅಡಿಕೆ ಗೊನೆ) ಇಳಿಸುವವರು ನೀವು, ಬುಡಕ್ಕೆ ಮಣ್ಣು ಹಾಕುವವರು ಅವರು, ಬಾಂದುಕಲ್ಲು ಬಸಿಗಾಲುವೆಯ ಹೂಳಿನಲ್ಲಿ ಎಲ್ಲೋ ಮುಚ್ಚಿಹೋಗಿದೆ. ಹೀಗೆಯೇ ಅಲ್ವಾ? ಹದ್ದುಬಸ್ತಿಗೆ, ಅಂದರೆ ಸರ್ವೆಯವರು ಗಡಿ ಅಳೆದು ಗುರುತು ಹಾಕುವುದಕ್ಕೆ, ಅವರಿಂದಲೇ ಅರ್ಜಿ ಹಾಕಿಸಿ, ಖರ್ಚು ನೀವು ಕೊಡಿ. ಟಿಪ್ಪಣಿ (ಮೂಲ ಸರ್ವೆ ನಕ್ಷೆ), ಆಕಾರಬಂದು (ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆ), ಪಹಣಿ ಮೂರರಲ್ಲೂ ಒಂದೇ ವಿಸ್ತೀರ್ಣ ಇದೆಯೇ ನೋಡಿ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ. ಸಣ್ಣದಲ್ಲ, ಅಡಿಕೆ ಮರದ ಲೆಕ್ಕದಲ್ಲಿ ಹತ್ತು ಹನ್ನೆರಡು ಮರ. ನಿಮ್ಮ ತೋಟದ ಎರಡು ಗುಂಟೆ ಅವರದ್ದೆಂದು ಬಂದರೂ ಬರಬಹುದು. ಕೊಳ್ಳುವವರು ನೀವೇ ಆದರೆ ತಲೆಬಿಸಿ ಇಲ್ಲ. ಬೆಂಗಳೂರಿನ ಪಾರ್ಟಿ ಅಳೆಸಿದಾಗ ಗೊತ್ತಾದರೆ ತಲೆಬಿಸಿ.

ಆ ಪಾರ್ಟಿ ಸುಳ್ಳು ಎಂದು ನಾನು ಹೇಳುವುದಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಹಿಂದಿನ 25 ಲಕ್ಷದ ಆದಾಯ ಮಿತಿಯೂ ಹೋಯಿತು. ಆದರೆ ಇದನ್ನು ಬ್ರೋಕರ್‌ಗಳೂ ಬಲ್ಲರು. ‘ಪಾರ್ಟಿ ಕಾಯುತ್ತಿದೆ’ ಎಂದ ಕೂಡಲೇ ಮಗ್ಗುಲಿನವರ ಎದೆ ಹೊಡೆದುಕೊಳ್ಳುತ್ತದೆ ಎಂದು ಅವರಿಗೆ ಗೊತ್ತು. ನಿಮ್ಮ ಪತ್ರ ಓದಿದರೆ ನಿಮಗೆ ನಿಜಕ್ಕೂ ಬೇಕಾಗಿರುವುದು ಆ ಅಡಿಕೆ ಮರಗಳಲ್ಲ ಅನಿಸುತ್ತದೆ. ದಾರಿ ಮತ್ತು ನೀರು ಕೈತಪ್ಪಬಾರದು, ಅಷ್ಟೇ.

ಹಾಗಿದ್ದರೆ ಆ ಎರಡನ್ನು ಈಗಲೇ ಭದ್ರ ಮಾಡಿ, ಕೊಂಡರೂ ಸರಿ, ಬಿಟ್ಟರೂ ಸರಿ. ಗ್ರಾಮ ನಕಾಶೆ ತೆಗೆಸಿ. ಅದರಲ್ಲಿ ಬಂಡಿದಾರಿ ಗುರುತು ಇದ್ದರೆ ಯಾರೂ ಮುಚ್ಚುವಂತಿಲ್ಲ. ಇಲ್ಲದಿದ್ದರೆ ಬೇರೆಯವರ ಜಾಗದ ಮೇಲೆ ದಾರಿ, ನೀರಿನ ಹಕ್ಕು ಹೇಳುವ 1882ರ ಅನುಭೋಗ (ಈಸ್‌ಮೆಂಟ್) ಕಾಯ್ದೆಯೇ ಗತಿ. ತಡೆಯಿಲ್ಲದೆ 20 ವರ್ಷ ಓಡಾಡಿದ್ದಷ್ಟೇ ಸಾಲದು, ಹಕ್ಕಿನಿಂದ ಓಡಾಡಿರಬೇಕು. ‘ಹೋಗಿ, ಅದಕ್ಕೇನಂತೆ’ ಎಂದು ಅವರ ಅಪ್ಪ ಒಪ್ಪಿಗೆ ಕೊಟ್ಟಿದ್ದರೆ, ಆ ಒಳ್ಳೆಯ ಮಾತೇ ನಿಮ್ಮ ಹಕ್ಕಿಗೆ ಅಡ್ಡ. ಆದ್ದರಿಂದ ತೋಟ ಇನ್ನೂ ಅವರ ಕೈಯಲ್ಲಿರುವಾಗಲೇ ದಾರಿಯ ಅಗಲ, ಕಾಲುವೆಯ ಜಾಗ, ಪೈಪು ಹಾಯುವ ಜಾಗ ಬರೆಸಿ, ಎಲ್ಲ ವಾರಸುದಾರರ ಸಹಿಯೊಂದಿಗೆ ನೋಂದಣಿ ಮಾಡಿಸಿಕೊಳ್ಳಿ. ಇದಾದ ಮೇಲೆ ರೇಟಿನ ಮಾತಿಗೆ ಕೂತರೆ ನಿಮ್ಮ ಧ್ವನಿಯೇ ಬೇರೆ ಇರುತ್ತದೆ.

ಕೊಂಡರೆ ಆ ಹಕ್ಕು ಅಲ್ಲಿಗೇ ಮುಗಿಯುತ್ತದೆ, ಎರಡೂ ತೋಟ ಒಬ್ಬರದ್ದೇ ಆಯಿತಲ್ಲ. ಮುಂದೆ ಮಕ್ಕಳು ಪಾಲಾದಾಗ ವಿಭಾಗಪತ್ರದಲ್ಲಿ ದಾರಿಯನ್ನು ಹೊಸದಾಗಿ ಬರೆಸಬೇಕು. ಅಣ್ಣತಮ್ಮಂದಿರ ನಡುವೆ ದಾರಿ ಜಗಳ ಆದಷ್ಟು ಹೊರಗಿನವರ ಜೊತೆ ಆಗುವುದಿಲ್ಲ.

ಮಗನ ವಿಷಯ. ಅನಿವಾಸಿ ಭಾರತೀಯರು ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ. ಪಾಸ್‌ಪೋರ್ಟ್ ಇನ್ನೂ ನಮ್ಮದೇ ಇದ್ದರೂ, ವಿದೇಶಿ ಪೌರರಾದ ಭಾರತೀಯ ಮೂಲದವರ ಒಸಿಐ ಕಾರ್ಡ್ ಇದ್ದರೂ ಇದು ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮ. ವಾರಸಾಗಿ ಬಂದರೆ ತೊಂದರೆ ಇಲ್ಲ. ನಿಮ್ಮ ಹೆಸರಿಗೆ ಕೊಳ್ಳಿ. ಮಗ ಕಳಿಸುವ ಹಣ ಬ್ಯಾಂಕಿನಲ್ಲೇ ಬರಲಿ, ಅದು ನಿಜವಾಗಿಯೂ ನಿಮಗೆ ಕೊಟ್ಟ ದುಡ್ಡಾಗಿರಲಿ. ಅಪ್ಪ ಹೆಸರಿಗೆ ಮಾತ್ರ ಅನ್ನುವ ಒಳ ಒಪ್ಪಂದ ಬೇಡ.

ಖರ್ಚಿನ ಲೆಕ್ಕದಲ್ಲಿ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು ಇವೆ. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 1ರ ಬದಲು ಶೇ 2 ಆಗಿದೆ. ಅಡ್ವಾನ್ಸನ್ನು ಚೆಕ್ಕಿನಲ್ಲೋ ಆರ್‌ಟಿಜಿಎಸ್‌ನಲ್ಲೋ ಕೊಡಿ. ಜಮೀನು ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಮೇಲ್ಪಟ್ಟು ನಗದು ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಇದನ್ನು ಅವರಿಗೂ ಹೇಳಿ, ನಗದು ಕೇಳುವುದು ನಿಲ್ಲುತ್ತದೆ.

ಕರಾರುಪತ್ರದಲ್ಲಿ ಪೌತಿ ಖಾತೆ ಆಗಬೇಕು, ಅಳತೆ ಆಗಬೇಕು, ಸೊಸೈಟಿ ಸಾಲ ತೀರಬೇಕು, ಆಮೇಲೆ ಕ್ರಯ ಎಂದು ಸ್ಪಷ್ಟ ಇರಲಿ. ಪಂಪ್‌ಸೆಟ್ಟಿನ ಆರ್‌ಆರ್ ನಂಬರನ್ನೂ (ಕರೆಂಟು ಸಂಪರ್ಕದ ನಂಬರು) ಹಾಕಿಸಿ. ಈಗ ಮರದ ಮೇಲಿರುವ ಫಸಲು ಯಾರಿಗೆ ಅನ್ನುವುದನ್ನೂ ಬರೆಸಿ. ಕ್ರಯ ಆಗುವಷ್ಟರಲ್ಲಿ ಕೊನೆಕೊಯ್ಲು ಶುರುವಾಗಿರುತ್ತದೆ.