"ನಮ್ಮವನಲ್ಲ ಅನ್ನಿಸಿತು, ಅದಕ್ಕೇ ನಿಲ್ಲಲಿಲ್ಲ"

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ನಿದ್ದೆ ಬರುತ್ತಿಲ್ಲ ಎಂದು ನನ್ನ ಬಳಿ ಆಪ್ತಸಮಾಲೋಚನೆಗೆ ಬಂದವರು ಮೂವತ್ತರ ಆಸುಪಾಸಿನ ಮಹಿಳೆ. ರೈಲು ನಿಲ್ದಾಣದಲ್ಲಿ ಒಬ್ಬ ಕುಸಿದು ಬಿದ್ದದ್ದನ್ನು ಕಂಡೂ ಮುಂದೆ ನಡೆದಿದ್ದರು. ಅಂದಿನಿಂದ ಕೈಚಾಚಿದವರಿಗೆಲ್ಲ ಹಣ ಕೊಡುತ್ತಿದ್ದರು. ಕೊಟ್ಟ ಸ್ವಲ್ಪ ಹೊತ್ತು ನೆಮ್ಮದಿ, ಆಮೇಲೆ ಮತ್ತದೇ ಸಂಕಟ.

ಇಂಥ ಪಶ್ಚಾತ್ತಾಪ ಹೊತ್ತು ಬರುವವರು ಅನೇಕರು. "ಅಷ್ಟು ಜನ ಇದ್ದರಲ್ಲ, ಯಾರಾದರೂ ನೋಡಿಕೊಳ್ಳುತ್ತಾರೆ ಅಂದುಕೊಂಡೆ" ಎನ್ನುತ್ತಾರೆ. ಅದು ಬರೀ ನೆಪವಲ್ಲ. ಮನೋವಿಜ್ಞಾನಿಗಳಾದ ಡಾರ್ಲಿ ಮತ್ತು ಲಾಟಾನೆ 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಟರ್‌ಕಾಮ್‌ನಲ್ಲಿ ಯಾರಿಗೋ ಮೂರ್ಛೆರೋಗ ಬಂದಂತೆ ಕೇಳಿಸುತ್ತದೆ. ಕೇಳುತ್ತಿರುವುದು ತಾವೊಬ್ಬರೇ ಎಂದುಕೊಂಡವರಲ್ಲಿ ಶೇ. 85 ಮಂದಿ ಆ ದನಿ ನಿಲ್ಲುವುದರೊಳಗೆ ನೆರವಿಗೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಎದ್ದವರು ಶೇ. 31 ಮಾತ್ರ.

ಇದನ್ನು ಕೇಳಿದ ಮೇಲೂ ಆ ಮಹಿಳೆ ಹಗುರಾಗಲಿಲ್ಲ. "ಜನ ಇದ್ದದ್ದು ನಿಜ ಮೇಡಂ. ಆದರೆ ಅವನ ಬಟ್ಟೆ ನೋಡಿದೆ, ಮಾತು ಕೇಳಿಸಿತು. ನಮ್ಮವನಲ್ಲ ಅನ್ನಿಸಿತು, ಅದಕ್ಕೇ ನಿಲ್ಲಲಿಲ್ಲ."

ಇಂಥ ಮಾತಿಗೆ "ಹಾಗೆಲ್ಲ ಅಂದುಕೊಳ್ಳಬೇಡಿ" ಎನ್ನುವುದು ಕರುಣೆಯಲ್ಲ. ಅವರು ಕಂಡುಕೊಂಡದ್ದು ಸರಿಯಾಗಿತ್ತು. 2005ರಲ್ಲಿ ಮನೋವಿಜ್ಞಾನಿ ಮಾರ್ಕ್ ಲೆವೀನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವನ್ನು ವಿವರಿಸಿದೆ. ಇಂಗ್ಲೆಂಡಿನ ಫುಟ್ಬಾಲ್ ತಂಡ ಮ್ಯಾಂಚೆಸ್ಟರ್ ಯುನೈಟೆಡ್‌ನ ಅಭಿಮಾನಿಗಳೆದುರು ಒಬ್ಬ ಓಡುತ್ತಾ ಜಾರಿ ಬೀಳುತ್ತಾನೆ. ಅವರದೇ ತಂಡದ ಅಂಗಿ ತೊಟ್ಟಿದ್ದಾಗ 13ರಲ್ಲಿ 12 ಮಂದಿ ನೆರವಾದರು. ಎದುರಾಳಿ ಲಿವರ್‌ಪೂಲ್ ಅಂಗಿಯಿದ್ದಾಗ 10ರಲ್ಲಿ 3. ಇನ್ನೊಂದು ಗುಂಪಿಗೆ ಮೊದಲು, ಫುಟ್ಬಾಲ್ ಅಭಿಮಾನಿಯಾಗಿರುವುದರ ಬಗ್ಗೆ ಬರೆಯಲು ಹೇಳಿದ್ದರು. ಆಗ ಲಿವರ್‌ಪೂಲ್ ಅಂಗಿಯವನಿಗೂ 10ರಲ್ಲಿ 7 ಮಂದಿ ನೆರವಾದರು. ಸಾದಾ ಅಂಗಿಯವನಿಗೆ ಮಾತ್ರ 9ರಲ್ಲಿ ಇಬ್ಬರೇ. "ನಮ್ಮವರು" ಎಂಬ ಗೆರೆ ಹಿಗ್ಗಿತ್ತು, ಅಳಿಸಿರಲಿಲ್ಲ.

ಹಾಗಾಗಿ "ಎಲ್ಲರನ್ನೂ ಪ್ರೀತಿಸಿ" ಎಂದು ನಾನು ಹೇಳಲಿಲ್ಲ. ಅದು ತೀರ್ಮಾನವಾಗಿ ಉಳಿಯುತ್ತದೆ, ಆ ಕ್ಷಣದಲ್ಲಿ ಕಾಲು ನಿಲ್ಲಿಸುವುದಿಲ್ಲ. ಆ ಜಾಗಕ್ಕೆ ಒಪ್ಪುವ ಅತಿ ಅಗಲವಾದ ಹೆಸರನ್ನು ಮೊದಲೇ ಇಟ್ಟುಕೊಳ್ಳಲು ಹೇಳಿದೆ: ನಿಲ್ದಾಣದಲ್ಲಿ "ಇವನೂ ಪ್ರಯಾಣಿಕ", ರಸ್ತೆಯಲ್ಲಿ "ಇವಳೂ ದಾರಿಹೋಕಳು". ಜೊತೆಗೆ ಒಂದು ಕರಾರು: ಯಾರಾದರೂ ಬಿದ್ದಿದ್ದರೆ, ಎರಡು ತೋಳಳತೆ ದೂರದಲ್ಲಿ ನಿಂತು "ಏನಾಯ್ತು, ಸಹಾಯ ಬೇಕಾ?" ಎಂದು ಕೇಳಬೇಕು. ಉತ್ತರ ಬಾರದಿದ್ದರೆ ಗುಂಪಿಗೆಲ್ಲ ಕೂಗಬಾರದು; ಆಗ ಮತ್ತೆ ಎಲ್ಲರೂ ಪಕ್ಕದವರನ್ನು ನೋಡುತ್ತಾರೆ. ಒಬ್ಬರನ್ನೇ ನೋಡಿ "ನೀಲಿ ಅಂಗಿಯವರೇ, ಆಂಬುಲೆನ್ಸ್‌ಗೆ ಫೋನ್ ಮಾಡಿ" ಎನ್ನಬೇಕು. ಈ ಎರಡು ವಾಕ್ಯಗಳನ್ನು ಮನೆಯಲ್ಲಿ ಬಾಯಿಬಿಟ್ಟು ಅಭ್ಯಾಸ ಮಾಡಲು ಹೇಳಿದೆ, ಏಕೆಂದರೆ ಗಾಬರಿಯಲ್ಲಿ ಹೊಸ ಮಾತು ಹುಟ್ಟುವುದಿಲ್ಲ.

ಕಂಡಕಂಡವರಿಗೆ ಹಣ ಕೊಡುವುದನ್ನು ನಿಲ್ಲಿಸಲು ಹೇಳಿದ್ದಕ್ಕೆ ಆಕ್ಷೇಪ ಬರಬಹುದು. ದಾನ ತಪ್ಪೆಂದಲ್ಲ. ಅವರು ತಮ್ಮ ಸಂಕಟವನ್ನು ಶಮನ ಮಾಡಿಕೊಳ್ಳುತ್ತಿದ್ದರು. ತೆಗೆದುಕೊಂಡವರ ಮುಖವನ್ನೇ ನೋಡುತ್ತಿರಲಿಲ್ಲ. ಸಂಕಟ ತಗ್ಗಿಸುವುದೇ ಗುರಿಯಾದಾಗ ಬೇಗ ಅಲ್ಲಿಂದ ಹೊರಟುಬಿಡುವುದೂ ಅಷ್ಟೇ ಸುಲಭದ ದಾರಿಯಾಗುತ್ತದೆ. ಕೊಡುವುದಾದರೆ ತಿಂಗಳಿಗೊಂದು ಮೊತ್ತ ಗೊತ್ತು ಮಾಡಿ, ಕೊಡುವಾಗ ಒಂದು ಮಾತಾದರೂ ಆಡಿ ಎಂದೆ. ಎಚ್ಚರವಿರುವವರು ನೆರವು ಬೇಡವೆಂದರೆ ಬಲವಂತ ಮಾಡದೆ, ಕಣ್ಣಳತೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು ಎಂದೂ ತಿಳಿಸಿದೆ.